ಊರು ಬದಲಾದರೆ ಡಿಶ್‌ನ ಮುಖ ಎತ್ತ?

ಸುಗ್ಗಿ ಮುಗಿದ ಮೇಲೆ ಗದಗ ಜಿಲ್ಲೆಯ ಹಲವು ಹಳ್ಳಿಗಳಿಂದ ಕುಟುಂಬಗಳು ಗುಳೆ ಹೊರಡುತ್ತವೆ. ಗೋವಾ, ಮಂಗಳೂರು, ಬೆಂಗಳೂರುಗಳಲ್ಲಿ ಕಟ್ಟಡದ ಕೆಲಸ. ವಾಸ ತಗಡಿನ ಶೆಡ್ಡಿನಲ್ಲಿ. ಪಾತ್ರೆ, ಹಾಸಿಗೆಗಳ ಗಂಟಿನ ಜೊತೆ ಪುಟ್ಟ ಟಿ.ವಿ. ಮತ್ತು ಡಿಶ್ ಕೂಡ ಹೊರಟರೆ ಆಶ್ಚರ್ಯವಿಲ್ಲ. ಆದರೆ ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿಯಲ್ಲಿ ಚೆನ್ನಾಗಿ ಕಾಣುತ್ತಿದ್ದ ಟಿ.ವಿ. ಹೊಸ ಜಾಗದಲ್ಲಿ ‘ಸಿಗ್ನಲ್ ಇಲ್ಲ’ ಎನ್ನುತ್ತದೆ. ಒಬ್ಬರು ಹೊರಗೆ ಡಿಶ್ ತಿರುಗಿಸುತ್ತಾರೆ, ಇನ್ನೊಬ್ಬರು ಒಳಗಿನಿಂದ ‘ಬಂತು... ಹೋತು’ ಎಂದು ಕೂಗುತ್ತಾರೆ. ಇದೇನು ಅದೃಷ್ಟದ ಆಟವೇ? ಅಲ್ಲ. ಭೂಗೋಳ ಮತ್ತು ರೇಖಾಗಣಿತದ ಲೆಕ್ಕ.

ಇದು ಬರೀ ಮನರಂಜನೆಯ ಮಾತೂ ಅಲ್ಲ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಪ್ರೌಢಶಾಲಾ ಮಕ್ಕಳಿಗೆ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ತಿಂಗಳ ಬಾಡಿಗೆ ಇಲ್ಲದ ಡಿ.ಡಿ. ಫ್ರೀ ಡಿಶ್‌ನಲ್ಲಿ ಚಂದನದ ಜೊತೆಗೆ ಪಾಠದ ವಾಹಿನಿಗಳೂ ಇವೆ. ತಂದೆತಾಯಿಯ ಜೊತೆ ಊರು ಬಿಟ್ಟ ಮಗುವಿಗೆ ಆ ಪಾಠ ಸಿಗುವುದೂ ಸಿಗದಿರುವುದೂ ಕೆಲವು ಡಿಗ್ರಿಗಳ ಮೇಲೆ ನಿಂತಿದೆ.

ಫ್ರೀ ಡಿಶ್‌ನ ಕಾರ್ಯಕ್ರಮಗಳನ್ನು ಕಳಿಸುವುದು ಭಾರತದ ಜಿಸ್ಯಾಟ್-15 ಉಪಗ್ರಹ. 2015ರ ನವೆಂಬರ್‌ನಲ್ಲಿ ಹಾರಿದ ಇದರ ನಿಯಂತ್ರಣ ನಮ್ಮ ಹಾಸನದ ಕೇಂದ್ರದಿಂದಲೇ ನಡೆಯುತ್ತದೆ. ಭೂಮಧ್ಯರೇಖೆಯ ನೆತ್ತಿಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಅದರ ಸ್ಥಾನ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಬರುವುದರಿಂದ ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಂತೆ. ಇಂಥ ಕಕ್ಷೆಗೆ ಭೂಸ್ಥಿರ ಕಕ್ಷೆ ಎಂದು ಹೆಸರು. ಉಪಗ್ರಹ ಕದಲುವುದಿಲ್ಲ, ಕದಲಿದ್ದು ನಾವು.

ಶಿಗ್ಲಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶ, 75.4 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಆದ್ದರಿಂದ ಉಪಗ್ರಹ ಇಲ್ಲಿಂದ ಆಗ್ನೇಯಕ್ಕೆ, ಅಂದರೆ ಉತ್ತರದಿಂದ ಪೂರ್ವದ ಕಡೆಗೆ ಎಣಿಸಿದರೆ ಸುಮಾರು 128 ಡಿಗ್ರಿಯಲ್ಲಿದೆ. ಕ್ಷಿತಿಜದಿಂದ ಅದರ ಎತ್ತರ ಸುಮಾರು 63 ಡಿಗ್ರಿ. ಪಣಜಿಗೆ ಹೋದರೆ ಇವು 127 ಮತ್ತು 61 ಆಗುತ್ತವೆ. ಬೆಂಗಳೂರಿನಲ್ಲಿ 128 ಮತ್ತು 66. ನೋಡಿ, ಬೆಂಗಳೂರಿಗೆ ಹೋದವರಿಗೆ ದಿಕ್ಕು ಹೆಚ್ಚುಕಡಿಮೆ ಅದೇ, ಬದಲಾಗುವುದು ಎತ್ತರ.

ಮೂರು ನಾಲ್ಕು ಡಿಗ್ರಿ ಯಾವ ಲೆಕ್ಕ ಎನ್ನಬೇಡಿ. 60 ಸೆಂ.ಮೀ. ಅಗಲದ ಡಿಶ್‌ನ ಅಂಚು 5 ಮಿಲಿಮೀಟರ್ ಸರಿದರೆ ಒಂದು ಡಿಗ್ರಿ. ಅಷ್ಟಕ್ಕೇ ಅದರ ನೋಟ ಉಪಗ್ರಹದ ದೂರದಲ್ಲಿ 600 ಕಿ.ಮೀ.ಗೂ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಮೂರು ಡಿಗ್ರಿ ತಪ್ಪಿದರೆ ಚಿತ್ರ ಮಾಯ.

ಹೊಸ ಜಾಗದಲ್ಲಿ ಮೊದಲ ಕೆಲಸ, ಡಿಶ್‌ನ ಕಂಬ ನೆಟ್ಟಗಿದೆಯೇ ಎಂದು ನೋಡುವುದು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಗೊತ್ತಾಗುತ್ತದೆ. ಕಂಬ ವಾಲಿದ್ದರೆ ಮುಂದಿನ ಲೆಕ್ಕವೆಲ್ಲ ಸುಳ್ಳು. ಎರಡನೆಯದು ದಿಕ್ಕು. ದಿಕ್ಸೂಚಿಯನ್ನು ತಗಡಿನ ಗೋಡೆ, ಕಬ್ಬಿಣದ ಸರಳುಗಳಿಂದ ದೂರ ಹಿಡಿಯಬೇಕು. ಇಲ್ಲವಾದರೆ ಮುಳ್ಳು ಮೋಸ ಮಾಡುತ್ತದೆ. ಆಮೇಲೆ ಎತ್ತರ. ಹಿಡಿಕೆಯ ಮೇಲೆ ಡಿಗ್ರಿ ಗುರುತುಗಳಿದ್ದರೆ ಅದಕ್ಕೆ ಹೊಂದಿಸಿ ಬೋಲ್ಟನ್ನು ಸಡಿಲವಾಗಿ ಬಿಗಿಯಿರಿ. ಈಗ ಡಿಶ್ಶನ್ನು ಒಂದು ಕೂದಲೆಳೆಯಷ್ಟು ತಿರುಗಿಸಿ, ನಿಲ್ಲಿಸಿ, ಐದು ಎಣಿಸಿ. ಸೆಟ್‌ಟಾಪ್ ಬಾಕ್ಸಿಗೆ ಸಂಕೇತವನ್ನು ಗುರುತಿಸಲು ಸ್ವಲ್ಪ ಸಮಯ ಬೇಕು. ಬರಬರ ತಿರುಗಿಸಿದರೆ ಸಿಕ್ಕಿದ್ದೂ ತಿಳಿಯುವುದಿಲ್ಲ. ಪರದೆಯ ಮೇಲೆ ‘ಸ್ಟ್ರೆಂತ್’ ಪಟ್ಟಿಯನ್ನು ನಂಬಬೇಡಿ. ಉಪಗ್ರಹ ಸಿಗದಿದ್ದರೂ ಅದು ಏರಿರಬಹುದು. ನೋಡಬೇಕಾದದ್ದು ‘ಕ್ವಾಲಿಟಿ’ ಪಟ್ಟಿ.

ಎದುರಿಗೆ ಮರವಿದ್ದರೆ? ಎಲೆಗಳಲ್ಲಿರುವ ನೀರು ಈ ಅಲೆಗಳನ್ನು ಹೀರುತ್ತದೆ. ಜೋರು ಮಳೆಯಲ್ಲಿ ಚಿತ್ರ ಒಡೆಯುವುದಕ್ಕೂ ನೀರೇ ಕಾರಣ. ಮನೆಬಳಕೆಯ ಡಿಶ್‌ನಲ್ಲಿ ಎಲ್.ಎನ್.ಬಿ. ಕೆಳಗಡೆ ಇರುವುದರಿಂದ ಅದರ ಮುಖ ಮುಂದಕ್ಕೆ ನೋಡುವಂತೆ ಕಂಡರೂ ನಿಜವಾದ ನೋಟ ಇನ್ನೂ ಮೇಲಕ್ಕಿರುತ್ತದೆ. ಹೀಗಾಗಿ ಡಿಶ್‌ಗಿಂತ 20 ಅಡಿ ಎತ್ತರದ ಬೇವಿನ ಮರ ಎದುರಿಗಿದ್ದರೆ ಶಿಗ್ಲಿಯಲ್ಲಿ ಸುಮಾರು 11 ಅಡಿ ಹಿಂದೆ ಸರಿದರೆ ಸಾಕು. ಅಮೆರಿಕದಲ್ಲಿ ಮನೆಯಂಥ ವಾಹನದಲ್ಲಿ ಊರೂರು ಸುತ್ತಿ ಕಾಡಿನಂಚಿನಲ್ಲಿ ತಂಗುವವರ ಪಾಡು ಬೇರೆ. ಶಿಕಾಗೋದಷ್ಟು ಉತ್ತರದಲ್ಲಿ ಭೂಸ್ಥಿರ ಉಪಗ್ರಹ 42 ಡಿಗ್ರಿಗಿಂತ ಮೇಲೆ ಕಾಣದು. ಅದೇ ಮರಕ್ಕೆ ಅಲ್ಲಿ 22 ಅಡಿಗೂ ಹೆಚ್ಚು ದೂರ ಬೇಕು.

ಕರ್ನಾಟಕದ ಹಳ್ಳಿಗಳಿಗೆ ಡಿಶ್ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕ ಎರವಲು ಕೊಟ್ಟ ಎ.ಟಿ.ಎಸ್.-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಪಾಠ, ಕೃಷಿ, ಆರೋಗ್ಯದ ಕಾರ್ಯಕ್ರಮಗಳು ಬಂದವು. ಅವುಗಳಲ್ಲಿ ಅಂದಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಆಗಿನ ತಂತಿಬಲೆಯ ಡಿಶ್‌ನ ಅಗಲ ಮೂರು ಮೀಟರ್. ಊರಿಗೆಲ್ಲ ಒಂದೇ ಟಿ.ವಿ. ಇಂದು ಅದೇ ಕೆಲಸ ಮಾಡುವ ಡಿಶ್ ಬಸ್ಸಿನ ಸೀಟಿನ ಕೆಳಗೆ ಹಿಡಿಯುತ್ತದೆ.

ಮಕ್ಕಳೇ, ಕೋನಮಾಪಕದ ನಡುವಿಗೆ ದಾರ ಕಟ್ಟಿ, ತುದಿಗೊಂದು ಕಲ್ಲು ಇಳಿಬಿಡಿ. ಅದರ ನೇರ ಅಂಚಿನ ಗುಂಟ ಆಗ್ನೇಯದ ಆಕಾಶ ನೋಡುತ್ತ ಮೇಲಕ್ಕೆತ್ತಿ. ದಾರ 90ರ ಗುರುತಿನಿಂದ 63 ಡಿಗ್ರಿ ಸರಿದಾಗ ನಿಮ್ಮ ಕಣ್ಣು ಜಿಸ್ಯಾಟ್-15ರತ್ತ ಇರುತ್ತದೆ. ಪಾಲಕರಿಗೆ ಒಂದು ಮಾತು: ಲೆಕ್ಕ ಮಕ್ಕಳು ಮಾಡಲಿ, ಶೆಡ್ಡಿನ ಮೇಲೆ ಹತ್ತುವುದು ಬೇಡ. ವಿದ್ಯುತ್ ತಂತಿಯಿಂದ ದೂರ, ನೆಲದ ಮೇಲೆಯೇ ಡಬ್ಬಕ್ಕೆ ಕಾಂಕ್ರೀಟು ತುಂಬಿ ಕಂಬ ನಿಲ್ಲಿಸಿ. ಆಕಾಶ ಕಂಡರೆ ಸಾಕು, ಎತ್ತರ ಬೇಕಿಲ್ಲ.