ಹಾಡು ನಮ್ಮದು, ಗುಂಡಿ ಒತ್ತುವ ಕೈಯೂ ನಮ್ಮದಾಗಲಿ

ಹಾಡಿದವರು ನಾವು. ಬರಕೊಂಡವರು ಬೇರೆಯವರು. ಮಾರಿಕೊಂಡವರು ಮತ್ತೊಬ್ಬರು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಕೇರಿಗಳ ಹಾಡಿನ ಚರಿತ್ರೆ ಮೂರು ಮಾತಿನಲ್ಲಿ ಹೇಳುವುದಾದರೆ ಇಷ್ಟೇ.

ಈಗ ನಾಲ್ಕನೆಯ ಮಾತೊಂದು ಹುಟ್ಟಿಕೊಂಡಿದೆ: "ಕಂಪ್ಯೂಟರ್ ಇಲ್ಲದ ರೆಕಾರ್ಡಿಂಗ್ ಆಗೂದಿಲ್ರಿ." ಚೌಡಿಕೆ ಹಿಡಿದು ಹಾಡುವ ಜೋಗಮ್ಮನಿಗೂ ಇದೇ ಮಾತು, ಗೀಗೀ ಮೇಳದವರಿಗೂ ಇದೇ ಮಾತು. ಮೊಹರಮ್ಮಿನಲ್ಲಿ ರಿವಾಯತ್ ಹೇಳುವವರಿಗೂ, ಹೋರಾಟದ ಹಾಡು ಕಟ್ಟುವ ಹುಡುಗರಿಗೂ ಇದೇ ಮಾತು. ಹುಬ್ಬಳ್ಳಿಗೆ ಹೋಗ್ರಿ, ಸ್ಟುಡಿಯೋ ಹಿಡೀರಿ, ತಾಸಿಗಿಷ್ಟು ಅಂತ ರೊಕ್ಕ ಎಣಿಸ್ರಿ. ಒಂದು ದಿನದ ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಯ ಹೆಂಗಸು ಇದನ್ನು ಕೇಳಿ ಬಾಯಿ ಮುಚ್ಚುತ್ತಾಳೆ. ಗುಡಿಯ ಬಾಗಿಲಲ್ಲಿ ನಮ್ಮನ್ನು ತಡೆದವರು ನಿಮಗೆ ಮಂತ್ರ ಗೊತ್ತಿಲ್ಲ ಅಂದರು. ಇವರು ನಿಮಗೆ ತಂತ್ರ ಗೊತ್ತಿಲ್ಲ ಅನ್ನುತ್ತಾರೆ. ಬದಲಾದದ್ದು ಒಂದೇ ಅಕ್ಷರ.

ನಾವು ಹೇಳುತ್ತೇವೆ, ಇದು ಸುಳ್ಳು. ಹಾಡನ್ನು ಮನೆಯಲ್ಲೇ, ಕಂಪ್ಯೂಟರಿನ ಹಂಗಿಲ್ಲದೆ ದಾಖಲು ಮಾಡಬಹುದು. ಮಾಡಲೇಬೇಕು. ಯಾಕೆಂದರೆ ಇಲ್ಲಿರುವ ಪ್ರಶ್ನೆ ಯಂತ್ರದ್ದಲ್ಲ, ಯಜಮಾನಿಕೆಯದು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಹಾಡನ್ನು ಮುದ್ರಿಸಿಕೊಂಡ. ಕಂಪ್ಯೂಟರಿನ ಮಾತಿರಲಿ, ಆಗ ಮೈಕೂ ಇರಲಿಲ್ಲ. ಕಹಳೆಯಂಥ ಕೊಳವೆಗೆ ಬಾಯಿ ಕೊಟ್ಟು ಮೂರು ನಿಮಿಷದೊಳಗೆ ಹಾಡಿ ಮುಗಿಸಬೇಕಿತ್ತು. ತಟ್ಟೆ ಒತ್ತುವ ಕಾರ್ಖಾನೆ ಜರ್ಮನಿಯ ಹ್ಯಾನೋವರಿನಲ್ಲಿತ್ತು. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಲೆಂದು ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ತವಾಯಫ್ ಎಂದು ಸಮಾಜ ಹಳಿದ ಹೆಣ್ಣಿನ ಹೆಸರು ಆಕೆಯ ಬಾಯಿಂದಲೇ ತಟ್ಟೆಯ ಮೇಲೆ ಉಳಿಯಿತು.

ನಮ್ಮ ಕಡೆ ಏನಾಯಿತು? 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ತಂದರು. ಅದು ದೊಡ್ಡ ಕೆಲಸ, ಇಲ್ಲ ಅನ್ನುವುದಿಲ್ಲ. ಸಂಗ್ರಹಿಸಿದವರ ಹೆಸರು ಇಂದಿಗೂ ಪಾಠದಲ್ಲಿದೆ. ಬೀಸುಕಲ್ಲಿನ ಮುಂದೆ ಕುಂತು ಹಾಡಿದ ಹೆಂಗಸರಲ್ಲಿ ಒಬ್ಬಳ ಹೆಸರು ಹೇಳಿ ನೋಡೋಣ? 'ಜನಪದ' ಅನ್ನುವ ಒಂದು ಚೀಲದಲ್ಲಿ ಎಲ್ಲರನ್ನೂ ತುಂಬಿ ಬಾಯಿ ಕಟ್ಟಿಬಿಟ್ಟರೆ ವಿದ್ವತ್ತಿಗೆ ಅನುಕೂಲ. ಹೆಸರಿಲ್ಲದವರಿಗೆ ಸಂಭಾವನೆ ಕೊಡಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ ಕೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದರ ನಿರ್ಮಾಪಕನದು, 60 ವರ್ಷ. ನಿರ್ಮಾಪಕ ಅಂದರೆ ಯಾರು? ಮುದ್ರಣಕ್ಕೆ ತಾನೇ ಮುಂದಾಗಿ ಹೊಣೆ ಹೊತ್ತವನು. ಹಾಡಿದವರಿಗೂ ಹಕ್ಕುಂಟು ಅಂತ 1994ರ ತಿದ್ದುಪಡಿ ಒಪ್ಪಿಕೊಂಡಿತು. ಈಗ ಅದರ ಅವಧಿ 50 ವರ್ಷ. ಆದರೆ ಓದಲು ಬಾರದವಳ ಹೆಬ್ಬೆಟ್ಟನ್ನು ಕಾಗದದ ಮೇಲೆ ಒತ್ತಿಸಿಕೊಂಡರೆ ಆ ಹಕ್ಕು ಯಾರ ಕಿಸೆಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕೆ? ನಮ್ಮ ಮನೆಯಲ್ಲಿ, ನಾವೇ ಮುಂದಾಗಿ, ನಮ್ಮ ಹೊಣೆಯಲ್ಲಿ ಮುದ್ರಿಸಿದರೆ ಎರಡು ಹಕ್ಕೂ ಒಂದೇ ಸೂರಿನಡಿ ಉಳಿಯುತ್ತವೆ. ಗುಂಡಿ ಒತ್ತುವ ಕೈ ಯಾರದು ಅನ್ನುವ ಪ್ರಶ್ನೆ ಬರೇ ಅಭಿಮಾನದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

"ಮನೆಯಾಗ ಮಾಡಿದ್ರ ಗುಣಮಟ್ಟ ಬರಾಂಗಿಲ್ಲ" ಅನ್ನುವ ಜಾಣರಿದ್ದಾರೆ. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ತನ್ನ ಮನೆಯಲ್ಲಿ ಕುಂತು, ನಾಲ್ಕು ಟ್ರ್ಯಾಕಿನ ಟಿಯಾಕ್ ಕ್ಯಾಸೆಟ್ ಯಂತ್ರದಲ್ಲಿ ಹಾಡುಗಳನ್ನು ತುಂಬಿದ. ಆಮೇಲೆ ದೊಡ್ಡ ಸ್ಟುಡಿಯೋದಲ್ಲಿ ವಾದ್ಯಮೇಳ ಕೂಡಿಸಿ ಮತ್ತೆ ಹಾಡಿ ನೋಡಿದರು, ಮನಸ್ಸಿಗೆ ಬರಲಿಲ್ಲ. ಕೊನೆಗೆ ಮನೆಯ ಕ್ಯಾಸೆಟ್ಟಿನಿಂದಲೇ 'ನೆಬ್ರಾಸ್ಕಾ' ತಟ್ಟೆ ಹೊರಬಂತು. ದೂರ ಯಾಕೆ ಹೋಗಬೇಕು? ಪಕ್ಕದ ಮಹಾರಾಷ್ಟ್ರದಲ್ಲಿ ಭೀಮಗೀತೆಗಳ ಕ್ಯಾಸೆಟ್ಟುಗಳು ದೀಕ್ಷಾಭೂಮಿ, ಚೈತ್ಯಭೂಮಿಗಳ ಜಾತ್ರೆಯಂಥ ಜನಸಾಗರದಲ್ಲಿ ಕೈಯಿಂದ ಕೈಗೆ ದಾಟಿದವು. ಬಾಬಾಸಾಹೇಬರ ಹೆಸರು ಅಕ್ಷರ ಕಾಣದ ಮನೆಗಳಿಗೆ ಹೀಗೂ ಹೋಯಿತು.

ಗದಗಿನವರಾದ ನಮಗೆ ಕಿವಿಯ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು, ತಾವು ಕಣ್ಣಿಲ್ಲದೆಯೂ ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದರು. ಪರದೆ ನೋಡಿ ಹಾಡು ತಿದ್ದುವವರು ಇದನ್ನು ನೆನಪಿಡಬೇಕು. ಹಾಡು ಗೆರೆಯಲ್ಲಿ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಬೆರಳಿಗೆ ಸಿಗುವ ನಾಲ್ಕು ಗುಂಡಿಗಳ ರೆಕಾರ್ಡರನ್ನು ಕಣ್ಣಿಲ್ಲದವರೂ ನಡೆಸಬಲ್ಲರು.

ಮಾಡುವುದು ಹೇಗೆ? ಕಷ್ಟವಿಲ್ಲ. ಸೆಲ್ಲಿನಿಂದ ನಡೆಯುವ ಸಣ್ಣ ರೆಕಾರ್ಡರ್ ಸಾಕು. ಕೇರಿಗೊಂದು ಇದ್ದರೆ ಸಾಕು, ವಂತಿಗೆ ಹಾಕಿ ತರಬಹುದು. ಅಟ್ಟದ ಮೇಲೆ ಹಳೆಯ ಟೇಪ್ ರೆಕಾರ್ಡರ್ ಇದ್ದರೆ ದೂಳು ಒರೆಸಿ ಇಳಿಸಿ. ಮೊಬೈಲೂ ಕಂಪ್ಯೂಟರೇ ಅಲ್ಲವೇ ಅಂತ ಯಾರೋ ಕೇಳುತ್ತಾರೆ. ಹೌದು, ಆದರೆ ಅದು ಈಗಾಗಲೇ ನಮ್ಮ ಕಿಸೆಯಲ್ಲಿದೆ, ತಾಸಿನ ಬಾಡಿಗೆ ಕೇಳುವುದಿಲ್ಲ. ಬೇರೇನೂ ಇಲ್ಲದಿದ್ದರೆ ಅದೂ ಆದೀತು. ಗೋಡೆಗೆ ಕೌದಿ ಇಳಿಬಿಡಿ, ಗುಂಯ್‌ಗುಡುವುದು ನಿಲ್ಲುತ್ತದೆ. ಬೆಟಗೇರಿಯ ನೇಕಾರರ ಓಣಿಯಾದರೆ ಮಗ್ಗ ನಿಲ್ಲುವ ಹೊತ್ತು ನೋಡಿಕೊಳ್ಳಿ. ಯಂತ್ರವನ್ನು ಬಾಯಿಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಇಡಿ. ಹಲಗೆಯವರು ಹತ್ತು ಹೆಜ್ಜೆ ಹಿಂದೆ ನಿಲ್ಲಲಿ. ದನಿಯ ಗುರುತು ಕೆಂಪಿಗೆ ಹೋಗದಂತೆ ಮೊದಲೇ ಒಮ್ಮೆ ಜೋರಾಗಿ ಹಾಡಿಸಿ ನೋಡಿ. ಡಿಜಿಟಲ್ ಯಂತ್ರದಲ್ಲಿ ಒಡೆದ ದನಿ ಮತ್ತೆ ಕೂಡುವುದಿಲ್ಲ. ಮೇಳ ಬೇರೆ, ಹಾಡು ಬೇರೆ ಬೇಕೆಂದರೆ ಒಂದು ಯಂತ್ರದಲ್ಲಿ ಮೇಳ ತುಂಬಿ, ಅದನ್ನು ನುಡಿಸುತ್ತ ಹಾಡಿ, ಎರಡನ್ನೂ ಇನ್ನೊಂದರಲ್ಲಿ ಹಿಡಿಯಿರಿ. ಎರಡು ಸಲಕ್ಕಿಂತ ಹೆಚ್ಚು ಹೀಗೆ ಮಾಡಿದರೆ ಸುಯ್ಯೆನ್ನುವ ಸಪ್ಪಳ ಹಾಡನ್ನು ನುಂಗುತ್ತದೆ.

ಕುಗ್ಗಿಸದ ವೇವ್ ರೂಪದಲ್ಲೇ ಇಡಿ. ಒಂಟಿ ಚಾನಲ್ಲಿಗೆ ನಿಮಿಷಕ್ಕೆ ಸುಮಾರು 5 ಎಂಬಿ. 32 ಜಿಬಿಯ ಉಗುರಿನಷ್ಟು ಕಾರ್ಡಿನಲ್ಲಿ ಹತ್ತಿರಹತ್ತಿರ ನೂರು ತಾಸು ಹಿಡಿಯುತ್ತದೆ. ಕ್ಯಾಸೆಟ್ಟಾದರೆ ಬೆನ್ನಿನ ಎರಡು ಚಿಕ್ಕ ಹಲ್ಲು ಮುರಿಯಿರಿ, ಅದರ ಮೇಲೆ ಇನ್ಯಾರೂ ಮುದ್ರಿಸಲಾರರು. ಎರಡು ಪ್ರತಿ ಮಾಡಿ, ಎರಡು ಮನೆಯಲ್ಲಿಡಿ.

ಕಂಪ್ಯೂಟರ್ ನಮಗೆ ವೈರಿಯಲ್ಲ. ಆದರೆ ಟಿಕ್‌ಟಿಕ್ ಎನ್ನುವ ಅದರ ಲಯಕ್ಕೆ ಬೀಸುವ ಪದವನ್ನು ಕಟ್ಟಿಹಾಕುವುದು, ಕೂಸಿನ ಅಳುವನ್ನು ಕತ್ತರಿಸುವುದು, ದುಡಿದು ಸವೆದ ಗಂಟಲನ್ನು ನಯ ಮಾಡುವುದು ನಮಗೆ ಬೇಡ. ಬೀಸುವ ಪದದ ಲಯ ಹುಟ್ಟಿದ್ದು ಬೀಸುಕಲ್ಲಿನಿಂದ, ತೋಳಿನ ನೋವಿನಿಂದ. ಕಲ್ಲಿನ ಸಪ್ಪಳ ಗದ್ದಲವಲ್ಲ, ಅದು ಹಾಡಿನ ಅರ್ಧ.

ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯರೇ, ಸಂಘಟನೆಯ ಸಂಗಾತಿಗಳೇ, ಕಪ್ಪತಗುಡ್ಡದ ಸುತ್ತಿನ ಹಳ್ಳಿಗಳಲ್ಲಿ ಹಾಡುವ ಮುದುಕಿಯರು ಒಬ್ಬೊಬ್ಬರಾಗಿ ಮಣ್ಣು ಸೇರುತ್ತಿದ್ದಾರೆ. ಅನುದಾನ ಬರಲಿ, ಸ್ಟುಡಿಯೋ ಬರಲಿ, ಅಕಾಡೆಮಿಯವರು ಬರಲಿ ಅಂತ ಕಾಯುವ ಹೊತ್ತು ಇದಲ್ಲ. ಆದರೆ ಮೂರು ಕರಾರು. ಹಾಡುವ ಮೊದಲು ಒಪ್ಪಿಗೆ ಕೇಳಿ, ಬೇಡ ಅಂದರೆ ಯಂತ್ರ ಮುಚ್ಚಿ. ಮೊದಲ ಪ್ರತಿ ಹಾಡಿದವಳ ಕೈಗೆ ಕೊಡಿ. ಹಾಡು ಮುಗಿದ ಮೇಲೆ ಗುಂಡಿ ನಿಲ್ಲಿಸುವ ಅವಸರ ಬೇಡ. ಆಕೆ ತನ್ನ ಹೆಸರು, ತನ್ನ ಊರು, ಹಾಡು ಕಲಿಸಿದವರ ಹೆಸರು ತನ್ನ ಬಾಯಿಂದಲೇ ಹೇಳಲಿ. ಗಟ್ಟಿಯಾಗಿ ಹೇಳಲಿ. ಆಮೇಲೆ ನಿಲ್ಲಿಸಿ.