ಸಿಟ್ಟಿಗೆ ಪೊಲೀಸ್ ಠಾಣೆಯೊಂದೇ ಬಾಗಿಲೇ?

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಸಿಟ್ಟು ತಡೆದುಕೊಳ್ಳಲಾಗದ ಗಂಡಸರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ನೆರವು ಸಿಗದಿರುವ ಬಗ್ಗೆ

ಮಾನ್ಯರೇ,

ನಾನು ತಾಲ್ಲೂಕು ಕೇಂದ್ರವೊಂದರ ಕೌಟುಂಬಿಕ ಸಲಹಾ ಕೇಂದ್ರದಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ನನ್ನ ಮುಂದೆ ಬಂದು ಕೂರುವವರಲ್ಲಿ ಹೆಚ್ಚಿನವರು ಹೆಂಗಸರು. ಅವರು ಹೇಳುವುದೆಲ್ಲ ಗಂಡಸರ ಸಿಟ್ಟಿನ ಕಥೆ: ಗಂಡನದು, ಅಪ್ಪನದು, ಈಚೀಚೆಗೆ ಬೆಳೆದ ಮಗನದು. ಆ ಸಿಟ್ಟು ಯಾರದೋ ಅವನು ಮಾತ್ರ ನಮ್ಮ ಕಡೆ ಸುಳಿಯುವುದಿಲ್ಲ. ಸುಳಿದರೂ ಕೈ ಮಾಡಿದ ಮೇಲೆ, ಪೊಲೀಸರ ಜೊತೆ, ಆರೋಪಿಯಾಗಿ. ಅದಕ್ಕೂ ಮೊದಲು ಅವನು ತಾನಾಗಿಯೇ ಹೋಗಿ ‘ನನಗೆ ಸಿಟ್ಟು ತಡೆಯೋಕಾಗ್ತಿಲ್ಲ, ಏನಾದರೂ ಮಾಡಿ’ ಎಂದು ಕೇಳಬಹುದಾದ ಒಂದು ಜಾಗ ನಮ್ಮ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಅವನ ಕಣ್ಣಿಗೆ ಕಾಣುವಂತೆ ಇಲ್ಲ. ನನ್ನ ದೂರು ಇಷ್ಟೇ.

ಈ ದೂರು ಸಣ್ಣದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರ ಪೈಕಿ ಶೇ. 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಹೆಚ್ಚಿರಬಹುದು, ಹಿಂಸೆಯೇ ಹೆಚ್ಚಿರಬಹುದು. ಎರಡರಲ್ಲಿ ಯಾವುದೇ ಆಗಿರಲಿ, ಏಟು ತಿಂದವಳಿಗಾಗಿ ಸಹಾಯವಾಣಿ, ಸಾಂತ್ವನ ಕೇಂದ್ರ, ಕಾನೂನು ಎಲ್ಲವನ್ನೂ ಕಟ್ಟಿದ ನಾವು ಏಟು ಹುಟ್ಟುವ ಜಾಗಕ್ಕೆ ಇನ್ನೂ ಕೈ ಹಾಕಿಲ್ಲ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಸಿಟ್ಟನ್ನು ಕಾಯಿಲೆ ಎಂದು ಕರೆದು ಹೊಡೆದವನಿಗೆ ಮಾಫಿ ಕೊಡಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಸಾಹುಕಾರನ ಮುಂದೆ ತಲೆ ತಗ್ಗಿಸಿ ನಿಂತವನೇ ಮನೆಗೆ ಬಂದು ಅನ್ನದ ತಟ್ಟೆ ಎಸೆಯುತ್ತಾನೆ. ಮೇಲಧಿಕಾರಿ ಬೈದಾಗ ನುಂಗಿಕೊಂಡವನಿಗೆ ಹೆಂಡತಿಯ ಒಂದು ಮಾತು ಸಹಿಸಲಾಗುವುದಿಲ್ಲ. ಅಂದರೆ ತಡೆದುಕೊಳ್ಳುವ ಶಕ್ತಿ ಅವನಲ್ಲಿ ಇದ್ದೇ ಇದೆ; ಎಲ್ಲಿ ಬಳಸಬೇಕು, ಎಲ್ಲಿ ಬಿಡಬಹುದು ಎಂಬ ಲೆಕ್ಕವೂ ಅವನಿಗೆ ಗೊತ್ತಿದೆ. ಅವನು ಹೊಣೆಗಾರ ಎನ್ನಲು ಇದೇ ಆಧಾರ. ಅವನು ಕಲಿಯಬಲ್ಲ ಎನ್ನಲೂ ಇದೇ ಆಧಾರ.

ಕಲಿಯಲು ಹೊರಟವನಿಗೆ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಉದಾಹರಣೆ ಕೊಡುತ್ತೇನೆ. ಸರಕು ಸಾಗಣೆ ಆಟೊ ಓಡಿಸುವ ಒಬ್ಬ ಯುವಕ, ಹೆಂಡತಿ ತವರಿಗೆ ಹೋದ ಮೇಲೆ, ತಾನಾಗಿಯೇ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋದ. ಚೀಟಿ ಬರೆಯುವವರು ಏನು ತೊಂದರೆ ಎಂದು ಕೇಳಿದರು. ‘ಸಿಟ್ಟು’ ಎಂದ. ಸಾಲಿನಲ್ಲಿದ್ದವರು ನಕ್ಕರು. ಒಳಗೆ ಬಿಪಿ ನೋಡಿದರು, ನಿದ್ದೆಗೆಂದು ಮಾತ್ರೆ ಬರೆದರು, ‘ಹೆಂಡತಿನ ಕರ್ಕೊಂಡು ಬಾ, ಎಲ್ಲ ಸರಿಹೋಗುತ್ತೆ’ ಎಂದು ಕಳಿಸಿದರು. ಮಾನಸಿಕ ಆರೋಗ್ಯದ ವೈದ್ಯರು ಯಾವ ದಿನ ಬರುತ್ತಾರೆ ಎಂದು ಯಾರೂ ಹೇಳಲಿಲ್ಲ; ಗೋಡೆಯ ಮೇಲೂ ಬರೆದಿರಲಿಲ್ಲ. ಆಮೇಲೆ ಅವನನ್ನು ನಮ್ಮ ಕೇಂದ್ರಕ್ಕೆ ಕರೆತಂದದ್ದು ಪೊಲೀಸರು. ಆ ಹೊತ್ತಿಗೆ ಹೆಂಡತಿಯ ಕೈಮೂಳೆ ಮುರಿದಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುವ ನಮ್ಮವರ ಗಾದೆ ಸುಳ್ಳಲ್ಲ. ನಮ್ಮ ಕಚೇರಿಗಳೆಲ್ಲ ತೆರೆಯುವುದು ಮೂಗು ಕೊಯ್ದ ಮೇಲೆ.

ಸಿಟ್ಟು ಯಾರಿಗೆ ಬರುವುದಿಲ್ಲ ಎಂದು ಕೇಳುವವರಿದ್ದಾರೆ. ಬರುತ್ತದೆ, ಬರಬೇಕು ಕೂಡ. ಅನ್ಯಾಯ ಕಂಡಾಗ ಸಿಟ್ಟು ಬಾರದವನಿಂದ ಊರಿಗೆ ಉಪಯೋಗವಿಲ್ಲ. ಸಿಟ್ಟು ಸಮಸ್ಯೆಯಾಗಿದೆ ಎಂದು ಗುರುತಿಸಲು ಅವನ ಮುಖಕ್ಕಿಂತ ಅವನ ಮನೆಯವರ ಮುಖ ನೋಡಬೇಕು. ಬೈಕಿಗೆ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಅಪ್ಪನ ಇವತ್ತಿನ ಮನಃಸ್ಥಿತಿ ಎಂಥದೆಂದು ಅಳೆದು ಮಕ್ಕಳು ಟೀವಿ ಆರಿಸಿ ಒಳಕೋಣೆಗೆ ಸರಿಯುತ್ತಾರೆಂದರೆ ಆ ಮನೆಯಲ್ಲಿ ಸಿಟ್ಟು ಯಜಮಾನಿಕೆ ಮಾಡುತ್ತಿದೆ. ಖರ್ಚಿನ ಮಾತು, ತವರಿನ ಮಾತು, ಮಗಳ ಓದಿನ ಮಾತು ಯಾವುದನ್ನೂ ಅವನೆದುರು ಎತ್ತಲು ಹೆಂಡತಿ ಹೆದರುತ್ತಿದ್ದರೆ ಅದೂ ಗುರುತೇ. ಕಾರಣ ಚಿಕ್ಕದು, ಸಿಟ್ಟು ದೊಡ್ಡದು, ಬಂದ ಸಿಟ್ಟು ದಿನಗಟ್ಟಲೆ ಇಳಿಯದು, ಕುಡಿದಾಗ ಇಮ್ಮಡಿ, ಮರುದಿನ ಪಶ್ಚಾತ್ತಾಪ, ವಾರ ಕಳೆದರೆ ಅದೇ ಪಾಡು. ಮೊಬೈಲು ಒಡೆಯುವುದು, ಬಾಗಿಲಿಗೆ ಗುದ್ದುವುದು, ರಸ್ತೆಯಲ್ಲಿ ವಾಹನ ಅಡ್ಡಗಟ್ಟಿ ಜಗಳಕ್ಕೆ ನಿಲ್ಲುವುದು, ‘ನನ್ನನ್ನು ಕೆಣಕಿದ್ದು ನೀನೇ’ ಎಂದು ಪ್ರತಿ ಸಲವೂ ತಪ್ಪನ್ನು ಎದುರಿನವರ ಮೇಲೆ ಹಾಕುವುದು, ಇವೆಲ್ಲ ನೆರವು ಬೇಕೆನ್ನುವ ಲಕ್ಷಣಗಳು. ಇವನ್ನು ನಾವು ‘ಮನುಷ್ಯ ಒಳ್ಳೆಯವನು, ಸ್ವಲ್ಪ ಮುಂಗೋಪಿ’ ಎಂದು ಮುಚ್ಚಿಡುತ್ತೇವೆ. ‘ನಮ್ಮಪ್ಪ ದೂರ್ವಾಸ ಮುನಿ’ ಎಂದು ಹೆಮ್ಮೆಪಡುತ್ತೇವೆ. ‘ಗಂಡು ಹುಡುಗ ಆಗಿ ಅಳ್ತೀಯಾ?’ ಎಂದು ಗದರಿ ಬೆಳೆಸಿದ ಹುಡುಗನಿಗೆ ದುಃಖವನ್ನೂ ಭಯವನ್ನೂ ಸೋಲನ್ನೂ ಹೊರಹಾಕಲು ಸಿಟ್ಟೊಂದೇ ಉಳಿದಿರುತ್ತದೆ.

ಎಷ್ಟೋ ಸಲ ಆ ಸಿಟ್ಟಿನ ಅಡಿಯಲ್ಲಿ ಬೇರೆಯದೇ ಇರುತ್ತದೆ. ಗಂಡಸರಲ್ಲಿ ಖಿನ್ನತೆ ಅಳುವಾಗಿ ಕಾಣದೆ ಸಿಡುಕಾಗಿ ಕಾಣುವುದುಂಟು. ಮದ್ಯಪಾನ, ನಿದ್ದೆಗೇಡು, ತಲೆಗೆ ಬಿದ್ದ ಹಳೆಯ ಪೆಟ್ಟು, ಥೈರಾಯ್ಡ್ ತೊಂದರೆ, ವಾಸಿಯಾಗದ ನೋವು ಕೂಡ ಮನುಷ್ಯನನ್ನು ಸಿಡಿಮಿಡಿ ಮಾಡುತ್ತವೆ. ಬೆಳೆ ಕೈಕೊಟ್ಟು ಬಡ್ಡಿ ಏರುತ್ತಿರುವ ಮನೆಗಳಲ್ಲಿ ಮೊದಲು ಏರುವುದು ದನಿ. 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,64,033 ಜನರಲ್ಲಿ 1,18,979 ಮಂದಿ ಪುರುಷರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿದೆ. ನೋವನ್ನು ಬಾಯಿಬಿಟ್ಟು ಹೇಳಲು ಕಲಿಸದೆ ಗಂಡುಮಕ್ಕಳನ್ನು ಬೆಳೆಸಿದ ಸಮಾಜ ಈ ಸಂಖ್ಯೆಯ ಮುಂದೆ ಸುಮ್ಮನೆ ನಿಲ್ಲುವಂತಿಲ್ಲ. ಸಿಟ್ಟು ದೇಹವನ್ನೂ ಬಿಡುವುದಿಲ್ಲ: ಜೋರು ಸಿಟ್ಟು ಬಂದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಎರಡು ಪಟ್ಟಿಗೂ ಮಿಕ್ಕಿ ಇರುತ್ತದೆ ಎಂದು 1995ರಲ್ಲೇ ಅಮೆರಿಕದ ವೈದ್ಯ ಸಂಶೋಧಕರು ತೋರಿಸಿದ್ದಾರೆ.

ಇದಕ್ಕೆ ದಾರಿ ಇದೆ, ಮತ್ತು ಅದು ದುಬಾರಿಯದಲ್ಲ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ರೇಮಂಡ್ ನೊವಾಕೊ ರೂಪಿಸಿದ ಕೋಪ ನಿಯಂತ್ರಣ ತರಬೇತಿಯಿಂದ ಇಂದಿನವರೆಗೆ ಅದರ ತಿರುಳು ಬಹಳ ಬದಲಾಗಿಲ್ಲ. ಸಿಟ್ಟು ತಲೆಗೇರುವ ಮೊದಲು ದೇಹ ಸುಳಿವು ಕೊಡುತ್ತದೆ: ಕಿವಿ ಬಿಸಿಯಾಗುತ್ತದೆ, ಹಲ್ಲು ಕಚ್ಚಿಕೊಳ್ಳುತ್ತದೆ, ಮುಷ್ಟಿ ಬಿಗಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆ ಸುಳಿವನ್ನು ಹಿಡಿಯಲು ಕಲಿತವನು ‘ನನಗೆ ಸಿಟ್ಟು ಬರ್ತಾ ಇದೆ, ಅರ್ಧ ಗಂಟೆ ಹೊರಗೆ ಹೋಗಿ ಬರ್ತೀನಿ, ಬಂದ ಮೇಲೆ ಮಾತಾಡೋಣ’ ಎಂದು ಹೇಳಿ ಹೋಗಬಹುದು. ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು. ಹೇಳದೆ ಎದ್ದುಹೋಗುವುದು ಮನೆಯವರನ್ನು ಇನ್ನೊಂದು ಬಗೆಯಲ್ಲಿ ಹೆದರಿಸುವುದೇ. ಆ ಅರ್ಧ ಗಂಟೆ ಬೈಕ್ ಮುಟ್ಟಬಾರದು, ಬಾರ್ ಕಡೆ ತಿರುಗಬಾರದು, ಜಗಳದ ಮಾತುಗಳನ್ನೇ ಮೆಲುಕು ಹಾಕಬಾರದು. ನಡೆಯಬೇಕು, ಉಸಿರನ್ನು ನಿಧಾನವಾಗಿ ಹೊರಬಿಡಬೇಕು. ದಿಂಬಿಗೋ ಗೋಡೆಗೋ ಗುದ್ದಿದರೆ ಸಿಟ್ಟು ಇಳಿಯುತ್ತದೆ ಎಂಬ ನಂಬಿಕೆ ತಪ್ಪು. ಸಿಟ್ಟು ಬರಿಸಿದವರನ್ನು ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟು ಹೆಚ್ಚೇ ಆಯಿತು ಎಂದು ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್ಮನ್ ಅವರ 2002ರ ಪ್ರಯೋಗ ತೋರಿಸಿತು. ಸಿಟ್ಟು ಇಳಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಏನಾಯಿತು, ಆಗ ನನ್ನ ತಲೆಯಲ್ಲಿ ಏನು ಬಂತು ಎಂದು ಬರೆಯುವ ಅಭ್ಯಾಸ ಬಹಳ ಕೆಲಸ ಮಾಡುತ್ತದೆ. ‘ಊಟ ತಡವಾಯಿತು’ ಎಂಬುದು ನಡೆದದ್ದು. ‘ನನಗೆ ಮರ್ಯಾದೆ ಇಲ್ಲ’ ಎಂಬುದು ತಾನೇ ಸೇರಿಸಿಕೊಂಡದ್ದು. ಇವೆರಡನ್ನೂ ಬೇರೆ ಮಾಡಿ ನೋಡಲು ಜೊತೆಗೆ ಕೂರುವ ತರಬೇತಾದ ಒಬ್ಬ ಮನುಷ್ಯ ಬೇಕು. ನಮ್ಮ ತಾಲ್ಲೂಕುಗಳಲ್ಲಿ ಸಿಗದಿರುವುದು ಆ ಮನುಷ್ಯ.

ಹೊಸ ಕಟ್ಟಡ, ಹೊಸ ಇಲಾಖೆ ಯಾವುದನ್ನೂ ನಾನು ಕೇಳುತ್ತಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಮಂಗಳವಾರ ಕಳಿಸುವ ಮನೋಚೈತನ್ಯ ಕಾರ್ಯಕ್ರಮ 2014ರಿಂದ ಇದೆ. ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ–ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಿಂದ ಉಚಿತವಾಗಿ ಸಿಗುತ್ತಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ಸೇವೆಯನ್ನು ಹಕ್ಕು ಎಂದಿದೆ. ಇರುವುದನ್ನೇ ಸಿಟ್ಟಿನ ಕಡೆಗೂ ತೆರೆಯಿರಿ ಎಂಬುದು ನನ್ನ ಮನವಿ. ಬೇಡಿಕೆಗಳು ಇವು:

1. ಮಂಗಳವಾರದ ಕ್ಲಿನಿಕ್‌ನ ಬೋರ್ಡಿನಲ್ಲಿ ‘ಸಿಟ್ಟು ತಡೆಯಲಾಗುತ್ತಿಲ್ಲವೇ? ಇಲ್ಲಿ ಬನ್ನಿ’ ಎಂದು ಎಲ್ಲರಿಗೂ ಕಾಣುವಂತೆ ಬರೆಸಿ. ದಿನಗೂಲಿ ಬಿಟ್ಟು ಬರಲಾಗದವರಿಗೆ ವಾರದಲ್ಲಿ ಒಂದು ಸಂಜೆಯಾದರೂ ಸಮಾಲೋಚನೆ ಇರಲಿ.

2. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಪರೀಕ್ಷೆಗೆ ಬರುವ ಗಂಡಸರನ್ನು ಸಿಟ್ಟು, ನಿದ್ದೆ, ಕುಡಿತದ ಬಗ್ಗೆಯೂ ಕೇಳಲು ಸಿಬ್ಬಂದಿಗೆ ತರಬೇತಿ ಕೊಡಿ. ಚೀಟಿ ಬರೆಯುವವರಿಂದ ವೈದ್ಯರವರೆಗೆ ಯಾರೂ ನಗದಿರಲು ಕಲಿಸಿ.

3. 14416 ಸಂಖ್ಯೆ ಆಸ್ಪತ್ರೆಯ ಗೋಡೆಯಲ್ಲಷ್ಟೇ ಇದ್ದರೆ ಸಾಲದು. ಗಂಡಸರು ಸೇರುವ ಬಸ್ ನಿಲ್ದಾಣ, ಗ್ಯಾರೇಜು, ಎಪಿಎಂಸಿ ಅಂಗಳ, ಕ್ಷೌರದಂಗಡಿ, ಮದ್ಯದಂಗಡಿಗಳಲ್ಲಿ ಕಾಣಲಿ.

4. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 14ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಸಮಾಲೋಚನೆಗೆ ಆದೇಶಿಸಬಹುದು. ಹಾಗೆ ಕಳಿಸಿದ ಗಂಡಸಿಗೆ ಹಲವು ವಾರಗಳ ಕ್ರಮಬದ್ಧ ತರಬೇತಿ ಪ್ರತಿ ತಾಲ್ಲೂಕಿನಲ್ಲೂ ಸಿಗಲಿ. ಅದು ಕೇಸಿಗೆ ಬದಲಿಯಾಗದಿರಲಿ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿ ‘ಹೊಂದಿಕೊಂಡು ಹೋಗಮ್ಮ’ ಎನ್ನುವ ರಾಜಿ ಪಂಚಾಯ್ತಿಯಂತೂ ಬೇಡವೇ ಬೇಡ. ಅವಳ ಸುರಕ್ಷತೆ ಮೊದಲು, ಅವನ ಸುಧಾರಣೆ ಆಮೇಲೆ.

5. ಪ್ರೌಢಶಾಲೆಯ ಹುಡುಗರಿಗೆ ಸಿಟ್ಟನ್ನು ಗುರುತಿಸುವ, ಹೇಳಿಕೊಳ್ಳುವ, ತಣಿಸಿಕೊಳ್ಳುವ ಪಾಠ ಶಿಕ್ಷಣ ಇಲಾಖೆಯ ಜೊತೆಗೂಡಿ ಆರಂಭವಾಗಲಿ.

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಮನಸ್ಸಿಗೆ ಮದ್ದು ಕೊಡಬಹುದು ಎಂದು ದೇಶಕ್ಕೆ ತೋರಿಸಿದ ರಾಜ್ಯ ನಮ್ಮದು. ಹಾಗಾಗಿ ಇದು ನಮ್ಮಿಂದಾಗದ ಕೆಲಸ ಎಂಬ ಉತ್ತರವನ್ನು ನಾನು ಒಪ್ಪಲಾರೆ. ಒಂದೇ ಜಿಲ್ಲೆಯಲ್ಲಾದರೂ ಈ ವರ್ಷವೇ ಆರಂಭಿಸಿ, ಆದೇಶದ ಪ್ರತಿಯನ್ನು ಪ್ರತಿ ತಾಲ್ಲೂಕು ಆಸ್ಪತ್ರೆಗೂ ಕಳಿಸಿ, ಎಷ್ಟು ಮಂದಿ ಗಂಡಸರು ಬಂದರು, ಎಷ್ಟು ಮಂದಿ ಕೊನೆಯವರೆಗೆ ಉಳಿದರು, ಅವರ ಮನೆಯ ಹೆಂಗಸರು ಮಕ್ಕಳು ಏನು ಹೇಳಿದರು ಎಂಬುದನ್ನು ವರ್ಷದ ಕೊನೆಗೆ ಜನರ ಮುಂದಿಡಿ ಎಂದು ಕೇಳಿಕೊಳ್ಳುತ್ತೇನೆ. ಈ ಪತ್ರಕ್ಕೆ ಬಹಿರಂಗ ಉತ್ತರವನ್ನೇ ನಿರೀಕ್ಷಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರವೊಂದರ ಆಪ್ತ ಸಮಾಲೋಚಕಿ