ಪ್ರವಾಸ ಮೈಸೂರಿಗೆ, ಪಕ್ಕದ ಹೂಲಿ ಯಾರಿಗೆ?

ಡಿಸೆಂಬರ್ ಬಂತೆಂದರೆ ನಮ್ಮ ಭಾಗದ ಶಾಲೆಗಳಲ್ಲಿ ಪ್ರವಾಸದ್ದೇ ಮಾತು. ಬಸ್ಸು ಮೈಸೂರಿಗೋ ಗೋವಾಕ್ಕೋ ಹೊರಡುತ್ತದೆ. ದುಡ್ಡು ಹೊಂದಿಸಲಾಗದ ಕೂಲಿಕಾರರ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ‘ಇಲ್ಲೇ ಹತ್ತಿರ ಎಲ್ಲಿಗರೆ ಹೋಗಬಾರದೇನ್ರಿ ಸರ?’ ಎಂದರೆ, ‘ಇಲ್ಲೇನೈತ್ರಿ ನೋಡಾಕ?’ ಎಂಬ ಉತ್ತರ.

ಏನಿಲ್ಲ ಹೇಳಿ? 1824ರ ಅಕ್ಟೋಬರ್ 23ರಂದು ಬ್ರಿಟಿಷರನ್ನು ಸೋಲಿಸಿದ ಕಿತ್ತೂರಿನ ಕೋಟೆ ಇದೆ. ಮುಂದೆ ಸೆರೆಸಿಕ್ಕ ರಾಣಿ ಚನ್ನಮ್ಮ 1829ರಲ್ಲಿ ಕೊನೆಯುಸಿರೆಳೆದದ್ದು ಬೈಲಹೊಂಗಲದಲ್ಲಿ; ಸಮಾಧಿಯೂ ಅಲ್ಲೇ. ಸೊಗಲದಲ್ಲಿ ಜಲಪಾತ, ಸೋಮೇಶ್ವರನ ಗುಡಿ. ಸವದತ್ತಿಗೆ ಹೋದವರು ಎಲ್ಲಮ್ಮನಿಗೆ ಕೈಮುಗಿದು ತಿರುಗಿ ಬರುತ್ತಾರೆ. ಅದೇ ತಾಲ್ಲೂಕಿನ ಹೂಲಿಯಲ್ಲಿ ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿ ಇದೆ, ನೋಡಿದವರೆಷ್ಟು ಮಂದಿ? ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ತೋರಿಸಿದರೆ, ಕಾಲುವೆಗೆ ನೀರು ಎಲ್ಲಿಂದ ಬರುತ್ತದೆಂದು ಮಕ್ಕಳಿಗೆ ತಿಳಿಯುತ್ತದೆ. ರಾಮದುರ್ಗದವರಿಗೆ ಸುರೇಬಾನದ ಶಬರಿಕೊಳ್ಳ ಇದೆ.

ದೂರದ ಊರು ನೋಡಬೇಡಿ ಎನ್ನುತ್ತಿಲ್ಲ. ಮೈಸೂರೂ ನಮ್ಮದೇ. ಆದರೆ ಒಂದು ಮಗುವನ್ನೂ ಬಿಡದೆ, ಮನೆಯ ರೊಟ್ಟಿ ಬುತ್ತಿ ಕಟ್ಟಿಕೊಂಡು, ಬೆಳಿಗ್ಗೆ ಹೋಗಿ ಸಂಜೆ ತಿರುಗಿ ಬರುವ ಪ್ರವಾಸ ಮೊದಲು ಆಗಲಿ. ಯಾರೂ ನೋಡದ ಗುಡಿಯ ಕಲ್ಲು ಕಿತ್ತುಹೋದರೆ ಕೇಳುವವರೂ ಇರುವುದಿಲ್ಲ. ಇಂದು ನೋಡಿದ ಮಗು ನಾಳೆ ಕೇಳುತ್ತದೆ.

ಈ ಸಲ ಎಸ್‌ಡಿಎಂಸಿ ಸಭೆಯಲ್ಲಿ ನೀವೇ ಎದ್ದು ನಿಂತು ಕೇಳಿ: ‘ಎಲ್ಲಾ ಮಕ್ಕಳ್ನೂ ಕರಕೊಂಡು ಹೋಗೂದಾದ್ರ ಎಲ್ಲಿಗೆ ಹೋಗೂಣ್ರಿ?’